ಉರೀತೈತೇನ ಖುಶಿ?

ಖುಶನುಮಾಳ ಗದ್ದದ ಮೇಲೆ ನಾಲ್ಕು ಕೂದಲು ಇವೆ ಎಂಬುದು ಅವಳ ಮದುವೆ ಗೊತ್ತಾಗುವವರೆಗೆ ಆ ಮನೆಯಲ್ಲಿ ಒಂದು ವಿಷಯವೇ ಆಗಿರಲಿಲ್ಲ. ಇಳಕಲ್ಲಿನ ಆ ಓಣಿಯಲ್ಲಿ ಅದಕ್ಕಿಂತ ದೊಡ್ಡ ವಿಷಯಗಳು ಬೇಕಾದಷ್ಟಿದ್ದವು. ನಳ ಬರುತ್ತದೆಂದು ಹೇಳಿದ ದಿನ ನಳ ಬರುತ್ತಿರಲಿಲ್ಲ. ಅಪ್ಪ ಚಾಂದಸಾಬ ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಬಂದನೆಂದರೆ ಬಚ್ಚಲು ತುಂಬ ಕಲ್ಲಿನ ಪುಡಿ. ಅಣ್ಣ ಅಕೀಲ ಟೆಂಪೊ ಓಡಿಸುತ್ತಿದ್ದ. ಬಾಡಿಗೆ ಸಿಕ್ಕ ದಿನ ಮನೆಯವರ ಜೊತೆ ಮಾತಾಡುತ್ತಿದ್ದ, ಸಿಗದ ದಿನ ತಟ್ಟೆ ಕುಕ್ಕುತ್ತಿದ್ದ. ಇದರ ನಡುವೆ ಹುಡುಗಿಯ ಗದ್ದ ನೋಡಲು ಯಾರಿಗೆ ಪುರುಸೊತ್ತು?

ಪುರುಸೊತ್ತು ಇದ್ದವಳು ಬಾಗಲಕೋಟೆಯಿಂದ ಬಂದಳು. ಗಂಡಿನ ಅಕ್ಕ, ಫರಹಾನಾ. ಗಂಡು ಸಲ್ಮಾನನಿಗೆ ತಾಯಿ ಇರಲಿಲ್ಲ. ತಂದೆ ಅಹ್ಮದಸಾಬನಿಗೆ ನವನಗರದಲ್ಲಿ ಟೈಲ್ಸ್ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಫರಹಾನಾಳ ಬ್ಯೂಟಿ ಪಾರ್ಲರ್. ಆ ಮನೆಯಲ್ಲಿ ಅವಳು ಹೇಳಿದ್ದೇ ಕೊನೆ. ನಿಶ್ಚಯದ ದಿನ ಶರಬತ್ತು ಕುಡಿದಾದ ಮೇಲೆ ಅವಳು ಖುಶನುಮಾಳ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರು ಹಾಗೆ ಹಿಡಿಯುತ್ತಾರೆ.

"ಹುಡುಗಿ ಚಂದ ಅದಾಳ್ರಿ, ಅದರಾಗ ಎರಡ ಮಾತಿಲ್ಲ. ಇಷ್ಟ, ಇಲ್ಲಿ ಗದ್ದದ ಮ್ಯಾಲ, ಈ ಗಲ್ಲದ ಬಾಜೂಕ ಸ್ವಲ್ಪ ಕೂದಲಾ ಅದಾವ. ಫೋಟೊದಾಗ ಎದ್ದ ಕಾಣ್ತಾವ."

"ನಾ ಚಿಕ್ಸಾ ಅರೀತೇನಲ್ಲ," ಎಂದಳು ಅಜ್ಜಿ ಹುಸೇನಬಿ. "ಕಡ್ಲಿಹಿಟ್ಟ ಹಾಕಿ ದಿನಾ ತಿಕ್ಕಿದ್ರ ತಾವ ಉದುರಿ ಹೋಗ್ತಾವ."

ಚಿಕ್ಸಾ ಎಂದರೆ ಮದುವೆಗೆ ಮುಂಚೆ ಹೆಣ್ಣಿಗೂ ಗಂಡಿಗೂ ಹಚ್ಚುವ ಅರಿಶಿಣ, ಗಂಧ, ಕಚೋರದ ಲೇಪ. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅದನ್ನು ಅರೆಯಲು ಹುಸೇನಬಿಯನ್ನೇ ಕರೆಯುತ್ತಿದ್ದರು. ಅವಳು ತನ್ನ ಒರಳುಕಲ್ಲಿಗೆ ಬೇರೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ಅದೊಂದೇ ಅವಳ ದೌಲತ್ತು.

ಫರಹಾನಾ ನಕ್ಕಳು. "ದಾದಿ, ಅದೆಲ್ಲಾ ನಿಮ್ಮ ಕಾಲದಾಗ. ನಾ ಲೇಸರ್ ಮಷೀನ್ ತರಿಸೇನಿ. ಬೆಳಕ ಬಿಟ್ರ ಬೇರ ಸಮೇತ ಸುಟ್ಟ ಹೋಗ್ತಾವ. ಹೊರಗಿನವ್ರು ರೊಕ್ಕಾ ಕೊಟ್ಟ ಪಾಳಿ ಹಚ್ತಾರ. ನಮ್ಮ ಮನಿಗೆ ಬರಾಕಿಗೆ ಎಲ್ಲಾ ಪುಕ್ಕಟ."

ಪುಕ್ಕಟೆ ಎಂದದ್ದೇ ತಡ, ಮನೆಯವರೆಲ್ಲ ಉಬ್ಬಿಹೋದರು. ತಾಯಿ ಮುಮ್ತಾಜ ಅವತ್ತು ಸಂಜೆಯೊಳಗೆ ಅಕ್ಕಪಕ್ಕದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದಳು: ನಾದಿನಿ ಆಗುವವಳು ಎಷ್ಟು ಪ್ರೀತಿಯವಳು ನೋಡಿರಿ, ಈಗಿನಿಂದಲೇ ಸೊಸೆಯ ಮುಖದ ಚಿಂತೆ ಮಾಡುತ್ತಾಳೆ. ಮುಖ ಯಾರದೋ ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದ್ದರೂ ಅವಳು ಹೂಂ ಎನ್ನುತ್ತಿದ್ದಳೇನೋ. ಖುಶನುಮಾ ಬಿ.ಕಾಂ. ಮುಗಿಸಿ ಸಾವಂತ್ರವ್ವನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪುಣೆ, ಸೊಲ್ಲಾಪುರದ ಗಿರಾಕಿಗಳಿಗೆ ಫೋನಿನಲ್ಲಿ ವಿಡಿಯೊ ಮಾಡಿ, ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಸೆರಗು, ಅಂಚು ತೋರಿಸುವ ಕೆಲಸ. ಅಲ್ಲಿಯವರೆಗೆ ಸೀರೆಯನ್ನಷ್ಟೇ ನೋಡುತ್ತಿದ್ದವಳು ಈಗ ಫೋನಿನಲ್ಲಿ ತನ್ನ ಗದ್ದ ನೋಡತೊಡಗಿದಳು. ಜೊತೆಗೆ ಕೆಲಸ ಮಾಡುವ ಕಸ್ತೂರಿಗೂ ಹೇಳಿದಳು.

"ಖರೇನ ಹೋಗೇ ಬಿಡ್ತಾವೇನ?" ಕಸ್ತೂರಿ ತನ್ನ ತುಟಿಯ ಮೇಲೆ ಕೈ ಆಡಿಸಿಕೊಂಡಳು. "ಹಂಗಾರ ನಿನಗಾಗಲಿ, ನಿನ್ನ ಬೆನ್ನಿಂದ ನಾನೂ ಹೋಗ್ತೇನಿ. ನಿಮ್ಮ ಫರಹಾನಾ ಆಪಾಗ ನನ್ನ ಹೆಸರ ಹೇಳಿಡು."

ಹೋಗುವ ದಿನದ ಹಿಂದಿನ ವಾರವೆಲ್ಲ ತಾಯಿ ಮಗಳು ಮಾಳಿಗೆಯ ಮೇಲೆ ಬಿಸಿಲಲ್ಲಿ ಕೂತು ಮದುವೆಗೆ ಶಾವಿಗೆ ಒಣಗಿಸಿದ್ದರು. ಖುಶನುಮಾಳ ಮುಖ ಕಂದಿತ್ತು. ಪಾರ್ಲರಿನಲ್ಲಿ ಅದನ್ನು ಯಾರೂ ವಿಚಾರಿಸಲಿಲ್ಲ. ವಿಚಾರಿಸಬೇಕು ಎಂಬುದು ಇವರಿಗೆ ತಿಳಿದಿರಲಿಲ್ಲ, ತಿಳಿದಿರಬೇಕಾದವಳಿಗೂ ತಿಳಿದಿರಲಿಲ್ಲ.

ಬಸ್ಸು ಹುನಗುಂದ ದಾಟಿದ ಮೇಲೆ ಮುಮ್ತಾಜ ಮಗಳ ಕಿವಿಯಲ್ಲಿ ಹೇಳಿದಳು, "ಅಲ್ಲಿ ಹೋಗಿ ಏನಾರ ಅಂದೀ ಮತ್ತ. ಬೀಗರ ಮನಿ. ಸ್ವಲ್ಪ ನೂವು ಆದ್ರ ತಡಕೋ. ಅಕಿ ಏನ ಕೇಳಿದ್ರೂ ನಕ್ಕೋತ ಮಾತಾಡು."

"ಆತ ಅಮ್ಮಿ."

ಅಮೀನಗಡದಲ್ಲಿ ಇಳಿದು ಬೀಗರಿಗೆಂದು ಕರದಂಟು ಕಟ್ಟಿಸಿಕೊಂಡರು.

ಪಾರ್ಲರಿನ ಒಳಕೋಣೆ ತಂಪಾಗಿತ್ತು. ಮಷೀನು ತಂದುಕೊಟ್ಟ ಕಂಪನಿಯ ಹುಡುಗ ಒಂದು ಮಧ್ಯಾಹ್ನ ನಿಂತು ತೋರಿಸಿ ಹೋಗಿದ್ದ, ಅಷ್ಟೇ ಫರಹಾನಾಳ ವಿದ್ಯೆ. ಅವಳು ಕಪ್ಪು ಕನ್ನಡಕ ಹಾಕಿಕೊಂಡು, ಖುಶನುಮಾಳ ಕಣ್ಣ ಮೇಲೆ ಹತ್ತಿ ಇಟ್ಟಳು. ಗದ್ದಕ್ಕೆ ತಣ್ಣನೆಯ ಜೆಲ್ ಹಚ್ಚಿದಳು. ಟಕ್ ಎಂದಿತು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎಂದಿತು.

"ಉರೀತೈತೇನ ಖುಶಿ?"

"ಇಲ್ಲ ಆಪಾ."

"ಹಂಗಾರ ಸ್ವಲ್ಪ ಏರಸ್ತೇನಿ. ಉರೀಲಿಲ್ಲ ಅಂದ್ರ ಕೂದಲಾ ಜಗ್ಗಂಗಿಲ್ಲ."

ಟಕ್. ಈ ಸಲ ಕಾದ ಎಣ್ಣೆಯ ಹನಿ ಸಿಡಿದಂತಾಯಿತು. ಖುಶನುಮಾ ಮಂಚದ ಅಂಚು ಹಿಡಿದಳು. ತಾಯಿ ಅಲ್ಲೇ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಮಗಳ ಬೆರಳು ಬಿಳುಚಿದ್ದು ಅವಳಿಗೆ ಕಂಡಿತು. ಕರದಂಟಿನ ಪೊಟ್ಟಣವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಈಗ ಉರೀತೈತೇನ?"

"ಇಲ್ಲ ಆಪಾ."

"ಭಾಳ ಗಟ್ಟಿ ಹುಡುಗಿ ಬಿಡ್ರಿ. ಕೆಲವರಂತೂ ಮೊದಲನೇದಕ್ಕ ಚೀರ್ತಾರ." ಫರಹಾನಾ ಮತ್ತೆ ಗುಂಡಿ ಒತ್ತಿ ಏರಿಸಿದಳು.

ಆಮೇಲೆ ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ ಹಬ್ಬಿತು. ಬಕ್ರೀದಿನ ದಿನ ಕುರಿಯ ತಲೆ ಕಾಲು ಸುಡುವಾಗ ಬರುವ ವಾಸನೆಯೇ. ಮಷೀನು ಆಕಡೆ ಕಿವಿಯಿಂದ ಈಕಡೆ ಕಿವಿಯವರೆಗೆ ಟಕ್ ಟಕ್ ಎಂದು ನಡೆಯುತ್ತಲೇ ಹೋಯಿತು. ಮೂರನೆಯ ಸಲ ಕೇಳಿದಾಗ ಖುಶನುಮಾಳಿಗೆ ಬಾಯಿ ತೆರೆಯಲು ಆಗಲಿಲ್ಲ. ತಲೆ ಅಲ್ಲಾಡಿಸಿ ಇಲ್ಲವೆಂದಳು. ಸಭ್ಯ ಹುಡುಗಿ. ಹಾಗೆ ಅವಳನ್ನು ಬೆಳೆಸಿದವರಿಗೆಲ್ಲ ಇಲ್ಲೇ ಒಂದು ನಮಸ್ಕಾರ ಹೇಳಿಬಿಡಬೇಕು.

ಮನೆಗೆ ಬರುವಷ್ಟರಲ್ಲಿ ಮುಖ ಊದಿತ್ತು. ಬೆಳಿಗ್ಗೆ ಎದ್ದಾಗ ಎರಡೂ ದವಡೆಯ ಉದ್ದಕ್ಕೆ ಉಗುರಿನಷ್ಟು ಚೌಕಗಳು, ಒಂದರ ಪಕ್ಕ ಒಂದು, ಅಚ್ಚು ಹೊಡೆದಂತೆ ಎದ್ದಿದ್ದವು. ಕೆಲವು ಚೌಕಗಳಲ್ಲಿ ಬೊಬ್ಬೆ. ಮುಮ್ತಾಜ ಹಲ್ಲಿನ ಪೇಸ್ಟ್ ತಂದಳು. ಹುಸೇನಬಿ ಅವಳ ಕೈಗೆ ಹೊಡೆದಳು.

"ಸುಟ್ಟ ತೊಗಲಕ್ಕ ಪೇಸ್ಟ್ ಹಚ್ತೀಯೇನ? ತಣ್ಣೀರಿನ ಅರಿವಿ ತಗೊಂಬಾ."

"ಸುಟ್ಟಿಲ್ರಿ ಅತ್ತಿ. ಫರಹಾನಾಗ ಫೋನ್ ಹಚ್ಚಿದ್ದೆ. ಎಲ್ಲಾರಿಗೂ ಹಿಂಗ ಆಗ್ತೈತಂತ, ಬರ್ಫ ಇಡ್ರಿ ಅಂದ್ಲು."

"ಎಲ್ಲಾರಿಗೂ ಆಗ್ತಿದ್ರ ಎಲ್ಲಾರೂ ಯಾಕ ಹೋಗ್ತಾರ?"

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ. ಖುಶನುಮಾಳಿಗೆ ರೊಟ್ಟಿ ಅಗಿಯಲು ದವಡೆ ಆಡಲಿಲ್ಲ. ಹುಸೇನಬಿ ಅನ್ನ ಹಾಲು ಕಿವುಚಿ ಕೊಟ್ಟಳು. ಚಾಂದಸಾಬ ಮಗಳ ಮುಖ ಒಮ್ಮೆ ನೋಡಿ, ತಟ್ಟೆ ನೋಡಿಕೊಂಡು ಉಣ್ಣತೊಡಗಿದ.

"ನಾಲ್ಕ ದಿನದಾಗ ಮಾಯ್ತೈತಿ."

"ಮಾಯಲಿಲ್ಲ ಅಂದ್ರ?" ಎಂದಳು ಹುಸೇನಬಿ.

"ಅವ್ವಾ, ಅಪಶಕುನ ನುಡೀಬ್ಯಾಡ."

ಅಕೀಲ ತಟ್ಟೆ ಸರಿಸಿದ. "ಯಾರೂ ಹೊರಗ ಬಾಯಿ ಬಿಡಬ್ಯಾಡ್ರಿ. ಅಹ್ಮದಸಾಬರು ಈಗ ತಮ್ಮ ಅಂಗಡಿ ಲೋಡ್ ಎಲ್ಲಾ ನನ್ನ ಗಾಡಿಗೆ ಕೊಡಾಕತ್ತಾರ. ಇಂಥಾದರಾಗ ಅವರ ಮಗಳ ಮ್ಯಾಲ ದೂರ ಹೇಳ್ಕೋತ ಕುಂತ್ರ ಮುಗೀತು."

"ನಿನ್ನ ಗಾಡಿಗೆ ಲೋಡ್ ಬರಲೆಂತ ಅಕಿ ಮಾರಿ ಸುಟಗೊಳ್ಳಲೇನಲೇ?"

"ದಾದಿ, ನಿನಗ ತಿಳಿಯಂಗಿಲ್ಲ, ಸುಮ್ಕಿರು."

ಅದು ಆ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುವ ಮಾತು. ಹುಸೇನಬಿ ಸುಮ್ಮನಿರಲಿಲ್ಲ, ಆದರೆ ಅವಳ ಮಾತಿಗೆ ಉತ್ತರ ಕೊಡುವುದನ್ನು ಉಳಿದವರು ಬಿಟ್ಟರು.

ಬೊಬ್ಬೆ ಒಡೆದವು, ಹಕ್ಕಳೆ ಕಟ್ಟಿ ಉದುರಿತು. ಅದರ ಕೆಳಗಿಂದ ಹೊಸ ಚರ್ಮದ ಬದಲು ಕಂದು ಕಲೆಗಳು ಬಂದವು. ಚೌಕ ಚೌಕ. ವಾರ ಕಳೆದಂತೆ ಕಲೆ ತೆಳುವಾಗುವ ಬದಲು ಕಪ್ಪಾಗುತ್ತ ಹೋಯಿತು. ಅಂಗಡಿಯಲ್ಲಿ ಸಾವಂತ್ರವ್ವ ಎರಡು ದಿನ ನೋಡಿ, ಮೂರನೆಯ ದಿನ ಹೇಳಿದಳು, "ಖುಶನುಮಾ, ವಿಡಿಯೊದಾಗ ಸದ್ಯಕ್ಕ ಸೀರಿ ಅಷ್ಟ ತೋರಿಸವಾ. ಕುತ್ತಿಗಿ ಮ್ಯಾಲ ಬ್ಯಾಡ. ಗಿರಾಕಿ ಕೇಳಾಕತ್ತಾರ, ಅಕಿಗೆ ಏನ ಆಗೇತಿ ಅಂತ." ಸಾವಂತ್ರವ್ವ ಕೆಟ್ಟವಳಲ್ಲ. ಕೆಟ್ಟವರಲ್ಲದವರೇ ಇಂಥದನ್ನೆಲ್ಲ ಬಹಳ ಮೆತ್ತಗೆ ಹೇಳುತ್ತಾರೆ. ಅಂದಿನಿಂದ ಗಿರಾಕಿಗಳಿಗೆ ಖುಶನುಮಾಳ ಎರಡು ಕೈ ಮತ್ತು ದನಿ ಮಾತ್ರ ಉಳಿದವು.

ಅವತ್ತು ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತಳು. ಕಣ್ಣೀರು ಕಲೆಗಳ ಮೇಲೆ ಇಳಿದರೆ ಚುರುಗುಟ್ಟುತ್ತಿತ್ತು. ಹುಸೇನಬಿ ಬುರ್ಖಾ ಹುಡುಕುತ್ತ ಎದ್ದಳು.

"ನಾಳೆ ಬಾಗಲಕ್ವಾಟಿಗೆ ಹೋಗೂಣು. ತೊಗಲ ಡಾಕ್ಟರ್ ಕಡೆ."

"ಬೀಗರ ಊರಾಗ ದವಾಖಾನಿಗೆ?" ಮುಮ್ತಾಜ ಗಾಬರಿಯಾದಳು. "ಯಾರಾರ ನೋಡಿದ್ರ?"

"ನೋಡ್ಲಿ. ನೋಡ್ಲಿ ಅಂತನ ಹೊಂಟೇನಿ."

ಡಾಕ್ಟರು ನಡುವಯಸ್ಸಿನ ಹೆಂಗಸು. ದೀಪ ಹಿಡಿದು ಕಲೆಗಳನ್ನು ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

"ಲೇಸರ್ ಯಾರ ಮಾಡಿದ್ರು? ಡಾಕ್ಟರ್ ಇದ್ರೇನು?"

"ಇಲ್ರಿ. ನಮ್ಮ ನಾದಿನಿ ಆಗಾಕಿ."

"ಮೊದಲ ಒಂದ ಕಡೆ ಚೂರ ಹಾಕಿ ನೋಡಿ, ಎರಡ ದಿನ ಬಿಟ್ಟ ಆಮ್ಯಾಗ ಮಾಡಿದ್ರೇನು? ಬಿಸಿಲಾಗ ಅಡ್ಡಾಡೀಯೇನಂತ ಕೇಳಿದ್ರೇನು?"

"ಇಲ್ರಿ."

ಡಾಕ್ಟರು ದೀಪ ಆರಿಸಿದಳು. "ನೋಡವಾ, ಆ ಬೆಳಕ ಕರಿ ಬಣ್ಣ ಹುಡುಕ್ಕೊಂಡ ಹೋಗ್ತೈತಿ. ಬೆಳ್ಳನ್ನ ತೊಗಲದಾಗ ಕೂದಲಾ ಅಷ್ಟ ಕರಿ ಇರ್ತಾವ, ಅವಷ್ಟ ಸುಡ್ತಾವ. ನಮ್ಮ ತೊಗಲಕ್ಕೂ ಬಣ್ಣ ಐತಿ. ಅದೂ ಆ ಶಾಖಾ ಕುಡೀತೈತಿ. ಬಿಸಿಲಿಗೆ ಕಂದಿದ್ರ ಇನ್ನೂ ಜಾಸ್ತಿ. ಅದಕ್ಕ ನಮ್ಮಂಥವ್ರಿಗೆ ಬ್ಯಾರೆ ನಮೂನಿ ಮಷೀನ್, ಕಡಿಮಿ ಅಳತಿ ಇಟ್ಟ ಮಾಡ್ಬೇಕು. ಸರಿಯಾಗಿ ಮಾಡಿದ್ರ ಏನೂ ಆಗಂಗಿಲ್ಲ, ನಾನೂ ಮಾಡ್ತೇನಿ. ಇದು ಅಳತಿ ಮೀರಿ ಸುಟ್ಟದ್ದು. ಮಾಡುವಾಗ ಭಾಳ ಉರೀತಿತ್ತೇನು?"

"ಭಾಳ ಉರೀತಿತ್ರಿ."

"ಹೇಳಿದ್ಯೇನು?"

ಖುಶನುಮಾ ತಲೆ ತಗ್ಗಿಸಿದಳು.

"ಯಾಕ ಹೇಳಲಿಲ್ಲ? ಆ ಮಷೀನಿಗೆ ನಿನ್ನ ಉರಿ ತಿಳಿಯಂಗಿಲ್ಲ. ನೀ ಬಾಯಿ ಬಿಟ್ಟ ಹೇಳಿದ್ರ ನಿಲ್ಲತೈತಿ, ಇಲ್ಲಾಂದ್ರ ಇಲ್ಲ."

"ಹೆಂಗ ಹೇಳ್ತಾಳ್ರಿ?" ಹುಸೇನಬಿ ಒಮ್ಮೆಲೇ ಸಿಡಿದಳು. "ಹೇಳಬ್ಯಾಡ ಅಂತನ ಬೆಳಸೇವಿ. ಗಂಡನ ಮನಿ ಮಂದಿ ಮುಂದ ನೂವು ಅನಬಾರ್ದು, ಹಸಿವು ಅನಬಾರ್ದು. ನನಗೂ ಹಂಗ ಹೇಳಿದ್ರು, ಇವರವ್ವಗೂ ನಾ ಹಂಗ ಹೇಳೇನಿ."

ಡಾಕ್ಟರು ಮುಲಾಮು ಬರೆದುಕೊಟ್ಟಳು. ಬಿಸಿಲಿಗೆ ಹೋಗಬೇಡ, ಹೋಗಲೇಬೇಕಾದರೆ ಈ ಕ್ರೀಮು ಹಚ್ಚು, ಮುಖಕ್ಕೆ ಬೇರೆ ಏನೂ ತಿಕ್ಕಬೇಡ ಎಂದಳು. ಗದ್ದದ ಮೇಲೆ ಕೂದಲು ಬರುವುದಕ್ಕೆ ಒಳಗೂ ಕಾರಣ ಇರಬಹುದು, ಮುಟ್ಟು ಸರಿಯಾಗಿ ಆಗುತ್ತದೆಯೇ ಎಂದು ವಿಚಾರಿಸಿ ರಕ್ತ ಪರೀಕ್ಷೆಗೂ ಬರೆದಳು. ಕಲೆ ಮಾಸಲು ತಿಂಗಳುಗಳೇ ಬೇಕು, ಕೆಲವು ಪೂರ್ತಿ ಹೋಗದೆಯೂ ಇರಬಹುದು ಎಂದು ಮುಚ್ಚಿಡದೆ ಹೇಳಿದಳು.

ಡಾಕ್ಟರು ಹೇಳಿದ್ದನ್ನು ಮುಮ್ತಾಜ ಅಳುತ್ತ ಫೋನಿನಲ್ಲಿ ಫರಹಾನಾಳಿಗೆ ಒಪ್ಪಿಸಿದಳು. ಮುಂದಿನ ಶುಕ್ರವಾರ ಅಹ್ಮದಸಾಬ ಮತ್ತು ಫರಹಾನಾ ಕಾರಿನಲ್ಲಿ ಬಂದಿಳಿದರು. ಬೀಗರು ಬಂದರೆಂದು ಕುರಿ ಮಾಂಸ ತರಿಸಿ ಬಿರಿಯಾನಿ ಮಾಡಿದರು. ಸುಟ್ಟವರಿಗೆ ಬಿರಿಯಾನಿ, ಸುಡಿಸಿಕೊಂಡವಳಿಗೆ ಹಾಲು ಅನ್ನ. ಬಡಿಸಿದವಳೂ ಅವಳೇ, ಮುಖಕ್ಕೆ ಓಢಣಿ ಎಳೆದುಕೊಂಡು.

"ನಾ ಸಲ ಸಲ ಕೇಳೇನ್ರಿ, ಉರೀತೈತೇನ ಅಂತ," ಎಂದಳು ಫರಹಾನಾ, ಎಲುಬು ಪಕ್ಕಕ್ಕಿಡುತ್ತ. "ನೀವೂ ಅಲ್ಲೇ ಇದ್ರೆಲ್ಲ ಮುಮ್ತಾಜಮ್ಮ. ಇಲ್ಲ ಆಪಾ ಅಂತ ಅಕಿನ ಅಂದಾಳ. ಇದರಾಗ ನನ್ನ ತಪ್ಪ ಎಲ್ಲಿ ಬಂತು?"

ಮುಮ್ತಾಜ ನೀರಿನ ಲೋಟವನ್ನು ಅವಳ ಕಡೆ ಸರಿಸಿದಳು.

ಅಹ್ಮದಸಾಬ ಕೈ ತೊಳೆದು ಒರಸಿಕೊಂಡ. "ಆಗಿದ್ದ ಆತು. ಈಗ ಮಂದಿ ಬಾಯಿ ಮುಚ್ಚಸೂದ ನೋಡ್ಬೇಕು. ಪಾರ್ಲರಿನ ಹೆಸರ ಕೆಟ್ರ ನಮ್ಮ ಮನಿ ಹೆಸರ ಕೆಟ್ಟಂಗ. ನಾಳೆ ಅದು ನಿಮ್ಮ ಮಗಳ ಮನೀನೂ ಆಗೂದಲ್ಲ?"

"ಯಾರಾರ ಕೇಳಿದ್ರ ದಾದಿ ಚಿಕ್ಸಾ ಹಚ್ಚಿದ್ರು, ಅದು ಒಗ್ಗಲಿಲ್ಲ ಅನ್ರಿ," ಎಂದಳು ಫರಹಾನಾ. "ವಯಸ್ಸಾದವ್ರು. ಅವರಿಗೆ ಯಾರ ಏನ ಅಂತಾರ?"

"ಇಲ್ಲಾಂದ್ರ ಮದುವಿ ಮುಂದ ಹಾಕೂಣು," ಎಂದ ಅಹ್ಮದಸಾಬ. "ಮಾರಿ ನೆಟ್ಟಗಾಗಲಿ. ಆಮ್ಯಾಗ ನೋಡೂಣು."

ಆಮೇಲೆ ನೋಡೋಣ ಎಂದರೆ ಏನೆಂದು ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಾಂದಸಾಬ ಎದ್ದು ಬೀಗರ ಕೈ ಹಿಡಿದುಕೊಂಡ. "ನೀವ ಹೇಳಿದಂಗ ಆಗಲ್ರಿ."

ಕಾರು ಓಣಿ ದಾಟುವವರೆಗೂ ಹುಸೇನಬಿ ತಡೆದುಕೊಂಡಳು.

"ಚಾಂದಸಾಬ, ನಾ ಅಕಿಗೆ ಒಂದ ಬೊಟ್ಟ ಚಿಕ್ಸಾ ಹಚ್ಚಿಲ್ಲ. ನಿನಗ ಗೊತ್ತೈತಿ."

"ಗೊತ್ತೈತಿ ಅವ್ವಾ."

"ಗೊತ್ತಿದ್ದೂ ಹೂಂ ಅಂದಿ?"

"ಮತ್ತೇನ ಮಾಡ್ಲಿ? ಕಲಿ ಬಿದ್ದ ಮಾರಿ, ಮುರಿದ ಸಂಬಂಧ, ಎರಡೂ ಹೊತ್ತಗೊಂಡ ಅಕಿ ಎಲ್ಲಿ ಹೋಗ್ಬೇಕು? ನೀನ ಹೇಳು!" ಚಾಂದಸಾಬನ ದನಿ ಒಡೆಯಿತು. ಸಿಟ್ಟನ್ನು ಅಹ್ಮದಸಾಬನ ಮೇಲೆ ತೋರಿಸಲಾಗದವನು ತಾಯಿಯ ಮೇಲೆ ತೋರಿಸಿದ. "ನಿಂದೇನ ಹೋಗ್ತೈತಿ? ಈ ವಯಸ್ಸಿನಾಗ ನಿನ್ನ ಹೆಸರ ಕಟಗೊಂಡ ಯಾರಿಗೇನ ಆಗ್ಬೇಕೈತಿ?"

ಹುಸೇನಬಿ ಗೋಡೆ ಹಿಡಿದು ಎದ್ದಳು. "ಆತಪಾ," ಎಂದಳು. "ನಾನ ಸುಟ್ಟೆ ಅನ್ನು."

ಆ ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ಖುಶನುಮಾ ಸಲ್ಮಾನನಿಗೆ ಫೋನು ಮಾಡಿದಳು. ಅವನು ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳುತ್ತಿದ್ದರು. ಒಳ್ಳೆಯತನ ಎಷ್ಟೆಂದು ಅವತ್ತು ತಿಳಿಯಿತು.

"ನನಗ ಎಲ್ಲಾ ಗೊತ್ತೈತಿ ಖುಶಿ. ಆದ್ರ ಆಪಾ ನನ್ನ ಸಾಕ್ಯಾಳ, ನನಗ ತಾಯಿ ಇದ್ದಂಗ. ಅಕಿಗೆ ನಾ ಹೆಂಗ ಅನ್ಲಿ? ಈಗೊಂದ ಸಲ ಬಿಟ್ಟಬಿಡು. ನನಗ ನಿನ್ನ ಕಲಿ ಏನೂ ಅನಸಂಗಿಲ್ಲ."

"ನಮ್ಮ ದಾದಿ ಮ್ಯಾಲ ಯಾಕ ಹಾಕ್ತೀರಿ?"

"ಅವರಿಗೇನ ಆಗ್ತೈತಿ?"

ಏನಾಗುತ್ತದೆ ಎಂಬುದು ಮುಂದಿನ ವಾರ ಕಂಡಿತು. ಓಣಿಯ ತುದಿಯ ಮನೆಯಲ್ಲಿ ಮದುವೆ. ಚಿಕ್ಸಾ ಅರೆಯಲು ಹುಸೇನಬಿಗೆ ಕರೆ ಬರಲಿಲ್ಲ. ಅವಳು ಒಗೆದ ಸೀರೆ ಉಟ್ಟು, ಬಾಗಿಲಲ್ಲಿ ಮಧ್ಯಾಹ್ನದವರೆಗೆ ಕೂತಿದ್ದಳು. ಆ ಮನೆಯ ಹೆಂಗಸು ಪೇಟೆಯಿಂದ ಪಾಕೀಟಿನ ಪುಡಿ ತಂದು ಅವಳೆದುರಿಗೇ ಹಾದುಹೋದಳು. "ತಪ್ಪ ತಿಳೀಬ್ಯಾಡ್ರಿ ದಾದಿ, ಈಗಿನ ಹುಡುಗ್ಯಾರ ತೊಗಲಾ ಭಾಳ ನಾಜೂಕ," ಎಂದಳು. ಹುಸೇನಬಿ ಒಳಗೆ ಬಂದು ಒರಳುಕಲ್ಲಿನ ಮೇಲೆ ಗೋಣಿಚೀಲ ಹಾಕಿದಳು. ಮರುದಿನ ಖಾರ ಅರೆಯಲಿಕ್ಕೂ ಅದನ್ನು ತೆಗೆಯಲಿಲ್ಲ. ಅಡುಗೆಗೆ ಅಂಗಡಿಯ ಖಾರದ ಪುಡಿ ಬಂತು, ಸಾರಿಗೆ ರುಚಿ ಹೋಯಿತು, ಯಾರೂ ಯಾಕೆಂದು ಕೇಳಲಿಲ್ಲ.

ಖುಶನುಮಾ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿತ್ತು. ಆದರೆ ಅಂಗಡಿಯಲ್ಲಿ ಕಸ್ತೂರಿ ನೇರವಾಗಿ ಕೇಳಿದಾಗ ಅವಳೂ ಅದನ್ನೇ ಹೇಳಿದಳು.

"ಲೇಸರಿನಿಂದ ಅಲ್ಲಲ್ಲ? ಖರೆ ಹೇಳು."

"ಅಲ್ಲ. ದಾದಿ ಚಿಕ್ಸಾ ಹಚ್ಚಿದ್ಲು."

"ಅಯ್ಯ, ನಾ ಹೆದರಿದ್ದೆ. ಹಂಗಾರ ನಿನ್ನ ಚಿಕ್ಸಾ ಮುಗದ ಮರುದಿನನ ನಾ ಹೋಗ್ತೇನಿ. ನಿಮ್ಮ ಆಪಾ ಟೈಮ್ ಕೊಟ್ಟಾಳ." ಕಸ್ತೂರಿಯ ಬಣ್ಣ ಖುಶನುಮಾಳಿಗಿಂತಲೂ ಕಪ್ಪು. ಡಾಕ್ಟರು ಹೇಳಿದ ಮಾತು ಖುಶನುಮಾಳ ಗಂಟಲವರೆಗೆ ಬಂತು. ಹೊರಗೆ ಬರಲಿಲ್ಲ. ಅಪ್ಪನ ಒಡೆದ ದನಿ ಅದಕ್ಕೆ ಅಡ್ಡ ನಿಂತಿತ್ತು.

ಚಿಕ್ಸಾದ ದಿನ ಬಂತು. ನಡುಮನೆಯಲ್ಲಿ ಚಾಪೆ, ಗೋಡೆಗೆ ಹಳದಿ ಸೀರೆ. ಓಣಿಯ ಹೆಂಗಸರೆಲ್ಲ ಕೂಡಿದ್ದರು. ಗಂಡಸರು ಹೊರಗೆ ಪೆಂಡಾಲಿನಲ್ಲಿ. ಅಡುಗೆಯವರು ದೊಡ್ಡ ಡೇಗನ್ನು ಒಲೆಗೇರಿಸಿದ್ದರು. ಹುಸೇನಬಿ ಮೂಲೆಯಲ್ಲಿ, ತನ್ನ ಗೋಣಿಚೀಲ ಮುಚ್ಚಿದ ಕಲ್ಲಿನ ಪಕ್ಕ ಕೂತಿದ್ದಳು. ಮೊಮ್ಮಗಳ ಚಿಕ್ಸಾಕ್ಕೆ ಅವಳ ಕಲ್ಲು ಬೇಡವಾಗಿತ್ತು. ಗಂಡಿನ ಕಡೆಯಿಂದ ಫರಹಾನಾ ಬೆಳ್ಳಿಯ ಬಟ್ಟಲಲ್ಲಿ ಪಾಕೀಟಿನ ಚಿಕ್ಸಾ ಕಲಸಿ ತಂದಿದ್ದಳು. ಮೊದಲು ಹಚ್ಚುವ ಮಾನ ನಾದಿನಿಯದು.

ಮುಖಕ್ಕೆ ಏನೂ ತಿಕ್ಕಬಾರದು ಎಂದು ಡಾಕ್ಟರು ಹೇಳಿದ್ದನ್ನು ಖುಶನುಮಾ ಬೆಳಿಗ್ಗೆ ತಾಯಿಗೆ ನೆನಪಿಸಿದ್ದಳು. "ಒಂದ ಬೊಟ್ಟ ಹಚ್ತಾರ ಅಷ್ಟ. ಇವತ್ತೊಂದಿನ ತಡಕೋ," ಎಂದಿದ್ದಳು ಮುಮ್ತಾಜ.

ಒಂದು ಬೊಟ್ಟಲ್ಲ. ಫರಹಾನಾ ಹಿಡಿ ತುಂಬ ತೆಗೆದುಕೊಂಡು, ಕಲೆ ಮುಚ್ಚಿಹೋಗಲೆಂದೋ ಏನೋ, ದವಡೆಯ ಉದ್ದಕ್ಕೆ ಒತ್ತಿ ಸವರಿದಳು. ಹಾಡು ನಡೆದಿತ್ತು. ಯಾರೋ ಹೆಂಗಸು ಕೂಗಿದಳು, "ಹುಸೇನಬಿದ ಅಲ್ಲಲ್ರಿ ಮತ್ತ ಅದು? ಇನ್ನೊಮ್ಮಿ ಸುಟ್ಟೀತು!" ಎಲ್ಲರೂ ನಕ್ಕರು. ಮೂಲೆಯಲ್ಲಿ ಹುಸೇನಬಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ಫರಹಾನಾ ಕೂಡ ನಕ್ಕಳು. "ಇದು ಸುಡಂಗಿಲ್ಲ ಬಿಡ್ರಿ, ಕಂಪನೀದು. ಉರೀತೈತೇನ ಖುಶಿ?"

"ಉರೀತೈತಿ."

ಹಾಡುವವರಿಗೆ ಕೇಳಲಿಲ್ಲ. ಫರಹಾನಾಳಿಗೆ ಕೇಳಿತು. ಅವಳು ನಗುತ್ತಲೇ ಹಲ್ಲು ಕಚ್ಚಿ ಮೆಲ್ಲಗೆ, "ಸುಮ್ನ ಕೂಡ್ರು," ಎಂದು ಇನ್ನೊಂದು ಹಿಡಿ ತೆಗೆದಳು.

ಖುಶನುಮಾ ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದಳು. "ಉರೀತೈತಿ ಅಂದೆ!"

ಹಾಡು ನಿಂತಿತು.

"ಅವತ್ತೂ ಉರೀತಿತ್ತು ಆಪಾ. ನೀವ ಕೇಳಿದಾಗೆಲ್ಲಾ ಉರೀತಿತ್ತು. ಇಲ್ಲಾ ಇಲ್ಲಾ ಅಂದೆ. ನಾ ಅಂದಂಗೆಲ್ಲಾ ನೀವ ಏರಿಸಿದ್ರಿ. ನಮ್ಮ ದಾದಿ ನನಗ ಏನೂ ಹಚ್ಚಿಲ್ಲ. ಇವು ಮಷೀನಿನ ಕಲಿ. ನೋಡ್ರಿ ಎಲ್ಲಾರೂ, ಬೆರಳಿನಿಂದ ಹಚ್ಚಿದ ಲೇಪ ಚೌಕ ಚೌಕ ಸುಡ್ತೈತೇನು?" ಓಢಣಿಯ ತುದಿಯಿಂದ ಅವಳು ಒಂದು ದವಡೆ ಒರೆಸಿಕೊಂಡಳು. ಹಳದಿಯ ಕೆಳಗಿಂದ ಕಪ್ಪು ಚೌಕಗಳು ಸಾಲಾಗಿ ಹೊರಬಂದವು. "ಕಸ್ತೂರಿ, ನಾ ನಿನಗ ಸುಳ್ಳ ಹೇಳಿದೆ. ನಾಳೆ ಹೋಗಬ್ಯಾಡ. ಹೋಗೂದಿದ್ರ ಡಾಕ್ಟರ್ ಕಡೆ ಹೋಗು."

ಕಸ್ತೂರಿಯ ಕೈ ತನ್ನ ತುಟಿಗೆ ಹೋಯಿತು.

ಫರಹಾನಾ ಬಟ್ಟಲನ್ನು ಚಾಪೆಯ ಮೇಲೆ ಎಸೆದಳು. "ಎಲ್ಲಾರ ಮುಂದ ನನ್ನ ಮಾನ ಕಳೀತಿಯೇನ? ನಾಲಿಗಿ ಇದ್ದಾಕಿ ಅವತ್ತ ಯಾಕ ಸುಮ್ನಿದ್ದಿ?"

"ಅವತ್ತ ಸುಮ್ನಿದ್ದದ್ದ ನನ್ನ ತಪ್ಪು. ಅದಕ್ಕ ಇವತ್ತ ಹೇಳಾಕತ್ತೇನಿ."

ಗದ್ದಲಕ್ಕೆ ಚಾಂದಸಾಬ, ಅಕೀಲ ಬಾಗಿಲಿಗೆ ಓಡಿಬಂದರು. ಫರಹಾನಾ ಅವರನ್ನು ತಳ್ಳಿಕೊಂಡೇ ಹೊರಗೆ ನಡೆದಳು. ಕಾರಿನ ಬಾಗಿಲು ದಡಾರನೆ ಹಾಕಿಕೊಂಡ ಸದ್ದು ಒಳಗೂ ಕೇಳಿತು.

"ಹೋಗಿ ಮಾಫಿ ಕೇಳು!" ಅಕೀಲ ಕೂಗಿದ. "ಗಾಡಿ ಓಣಿ ದಾಟೂಕಿಂತ ಮೊದಲ ಹೋಗಿ ಕಾಲ ಹಿಡಿ!"

"ಉರೀಲಿಲ್ಲ, ಸುಳ್ಳ ಹೇಳಿದೆ ಅಂತ ನೀ ಅಂದೀಯಂದ್ರ ಅಕಿನ್ನ ನಾನ ಕರಕೊಂಡ ಬರ್ತೇನಿ," ಎಂದ ಚಾಂದಸಾಬ. ಬೆದರಿಸುತ್ತಿದ್ದನೋ ಬೇಡಿಕೊಳ್ಳುತ್ತಿದ್ದನೋ ಅವನಿಗೇ ತಿಳಿದಿರಲಿಲ್ಲ. "ಖುಶಿ, ಒಂದ ಮಾತು. ನನ್ನ ಸಲುವಾಗಿ."

"ನಿಮ್ಮ ಸಲುವಾಗಿ ಸುಟಗೊಂಡಾತಲ್ಲ ಅಬ್ಬಾ."

ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಹುಸೇನಬಿಯನ್ನು ಕೆಣಕಿದ್ದ ಹೆಂಗಸು ಅವಳ ಮುಂದೆ ನಿಂತು ಏನೋ ಹೇಳಲು ಹೋದಳು. ಹುಸೇನಬಿ ಮುಖ ತಿರುಗಿಸಿದಳು. ಹೊರಗೆ ಅಡುಗೆಯವನು ಡೇಗ್ ಇಳಿಸುವುದೋ ಬೇಡವೋ ಎಂದು ಕೇಳಿದ. ಖುಶನುಮಾಳ ಫೋನು ಚಾಪೆಯ ಮೇಲೆ ಹೊರಳಿ ಹೊರಳಿ ಹೊಡೆದುಕೊಂಡಿತು. ಸಲ್ಮಾನ. ಅವಳು ಎತ್ತಲಿಲ್ಲ.

ಅವಳ ಇನ್ನೊಂದು ದವಡೆಯ ಮೇಲೆ ಆ ಹಳದಿ ಹಾಗೇ ಇತ್ತು. ಒಣಗುತ್ತ ಚರ್ಮ ಜಗ್ಗುತ್ತಿತ್ತು. ಚಾಂದಸಾಬ ಬಾಗಿಲಲ್ಲೇ ಕುಸಿದು ಕೂತಿದ್ದ. ಅಕೀಲ ಕಾರಿನ ಹಿಂದೆ ಓಡಿದ್ದ. ಮುಮ್ತಾಜ ಅಷ್ಟು ಹೊತ್ತು ಗೋಡೆಗೊರಗಿ ನಿಂತೇ ಇದ್ದವಳು, ಒಳಗೆ ಹೋಗಿ ತಂಬಿಗೆಯಲ್ಲಿ ತಣ್ಣೀರು, ಹಳೆಯ ಮೆತ್ತನೆಯ ಸೀರೆಯ ತುಂಡು ತಂದಳು. ಮಗಳ ಮುಂದೆ ಕೂತು, ಬಟ್ಟೆ ಅದ್ದಿ, ದವಡೆಗೆ ಹಚ್ಚಿ ಒರೆಸತೊಡಗಿದಳು.

"ಸ್ವಲ್ಪ ತಡ..." ಎಂದವಳು ಮಾತನ್ನು ಅಲ್ಲಿಗೇ ನುಂಗಿದಳು. ಬೇರೆ ಮಾತು ಹುಡುಕುವುದಕ್ಕೆ ಅವಳಿಗೆ ಹೊತ್ತು ಹಿಡಿಯಿತು.

"ಉರೀತೈತೇನವಾ?"

"ಉರೀತೈತಿ ಅಮ್ಮಿ."

ಮುಮ್ತಾಜ ತಕ್ಷಣ ಕೈ ತೆಗೆದಳು.